ಒಲೆ ಮುಂದಕ್ಕೆ, ಪಡಸಾಲೆ ಹಿಂದಕ್ಕೆ: ಲಷ್ಕರದ ಒಂದು ಸಾಲುಮನೆಯ ಇತಿಹಾಸ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬೇಕೆಂದು ಸಂಘದವರು ಕೇಳಿದಾಗ ಯಾರಿಗೇ ಆಗಲಿ ಮೊದಲು ನೆನಪಾಗುವವರು ಪುಲಿಕೇಶಿ, ವಿಕ್ರಮಾದಿತ್ಯ, ಕೃಷ್ಣದೇವರಾಯರು. ಅವರ ಕೀರ್ತಿಯನ್ನು ಬರೆಯಲು ನಮಗಿಂತ ಬಲ್ಲವರಿದ್ದಾರೆ. ನಾವು ಇಲ್ಲಿ ಆರಿಸಿಕೊಂಡದ್ದು ಒಲೆಯ ಇತಿಹಾಸ. ಒಲೆ ಮನೆಯಲ್ಲಿ ಎಲ್ಲಿರಬೇಕು, ಯಾಕೆ ಅಲ್ಲಿರಬೇಕು, ಅದನ್ನು ಕಿತ್ತು ಇನ್ನೊಂದು ಕಡೆಗೆ ಇಟ್ಟರೆ ಏನಾಗುತ್ತದೆ ಎಂಬಷ್ಟೇ ಇದರ ವಿಷಯ. ಊರು ಬಿಟ್ಟು ಬಂದ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲವೆಂದು ನಮ್ಮ ತಿಳಿವಳಿಕೆ. ಪುಣೆಯಲ್ಲಿ ನಮ್ಮ ಮನೆಗಳ ಮುಂದಿನ ಖೋಲಿಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಎಲ್ಲವೂ ನಡೆಯುತ್ತವೆ. ಕನ್ನಡ ಉಳಿದದ್ದು ಒಲೆಯ ಮುಂದೆ. ಒಲೆಯನ್ನು ಸರಿಸಿದಾಗ ಅದರ ಜೊತೆಗೆ ಮತ್ತೇನೇನು ಸರಿಯಿತೆಂಬುದನ್ನು ಹೇಳಲು ಹೊರಟಿದ್ದೇವೆ.

ಅಡಿಗೆಮನೆಗೆ ನಮ್ಮಲ್ಲಿ ಹಿಂದಿನಿಂದಲೂ ಗೌರವವಿದೆ. ಹಳಗನ್ನಡದಲ್ಲಿ ಅದಕ್ಕೆ ‘ಬಾಣಸ’ವೆಂದು ಹೆಸರು, ಅಡಿಗೆಯವನು ‘ಬಾಣಸಿಗ’. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಬಾಣಸವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಅರಮನೆಯ ಅಡಿಗೆಯ ಮೇಲ್ವಿಚಾರಣೆಗೆ ಹುಟ್ಟಿದ ಈ ಪದವಿ ಸಾಮಾನ್ಯದ್ದಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವ ವಿಷಯಕ್ಕೂ ಅಡಿಗೆಯ ವಿಷಯಕ್ಕೂ ಪ್ರತ್ಯೇಕ ಭಾಗಗಳಿವೆ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಸಾಲಿನಲ್ಲಿ ಇವೆರಡನ್ನೂ ಇಟ್ಟ ಆ ಹಿರಿಯನ ವಿವೇಕವನ್ನು ಮೆಚ್ಚಬೇಕು.

ವಾಸ್ತುಶಾಸ್ತ್ರವು ಒಲೆಗೆ ಆಗ್ನೇಯ ಮೂಲೆಯನ್ನು ಹೇಳಿತು. ಆದರೆ ಹಳ್ಳಿಯ ಮನೆಯಲ್ಲಿ ಒಲೆಯ ಜಾಗವನ್ನು ನಿಶ್ಚಯಿಸುವವು ಹೊಗೆ, ನೀರು, ಮಡಿ ಎಂಬ ಮೂರು. ಕಟ್ಟೆ, ಪಡಸಾಲೆ, ನಡುಮನೆ ದಾಟಿ ಒಳಗೆ ಹೋದರೆ ಅಡಿಗೆಮನೆ. ಅದರ ಪಕ್ಕಕ್ಕೆ ಬಚ್ಚಲು, ಅದರಾಚೆ ಹಿತ್ತಲು, ಬಾವಿ. ನಮ್ಮ ಧಾರವಾಡದ ಕಡೆಯ ಮಣ್ಣಿನ ಮಾಳಿಗೆಯ ಮನೆಯಲ್ಲಾದರೆ ಮೇಲೊಂದು ಬೆಳಕಿಂಡಿ ಇರುತ್ತದೆ. ಒಲೆಯ ಹೊಗೆ ಅದರ ದಾರಿ ಹಿಡಿದು ಹೋಗುತ್ತದೆ, ಅದೇ ದಾರಿಯಿಂದ ಒಂದು ಕೋಲಿನಷ್ಟು ಬೆಳಕು ಇಳಿದು ಬರುತ್ತದೆ. ಬಂದವರು ಪಡಸಾಲೆಯಲ್ಲಿ ಕೂಡುತ್ತಾರೆ. ಅವರ ಕಣ್ಣು ಒಲೆಯ ಮೇಲೆ ಬೀಳುವದಿಲ್ಲ. ಒಳಗಿನವರ ಕಣ್ಣೀರು ಬಂದವರಿಗೆ ಕಾಣುವದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಕಣ್ಣೀರು ಹಸಿ ಕಟ್ಟಿಗೆಯದೋ ಬೇರೆಯದೋ ಎಂದು ಪಡಸಾಲೆಯಲ್ಲಿ ಕೂತವರು ವಿಚಾರಿಸಿದ್ದು ಕಡಿಮೆ.

ಇಂಥ ಮನೆಗಳನ್ನು ಬಿಟ್ಟು ನಮ್ಮವರು ಪುಣೆಗೆ ಬಂದರು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ಇಲಾಖೆಯೊಳಗಿದ್ದವು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವವರೆಗೆ ಈ ಭಾಗದ ಹುಡುಗರಿಗೆ ಕಾಲೇಜೆಂದರೆ ಪುಣೆ, ಇಲ್ಲವೆ ಮುಂಬಯಿ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದುದನ್ನು ವಾಚಕರು ಬಲ್ಲರು. 1880ರ ದಶಕದಲ್ಲಿ ಹಾಕಿದ ಸದರ್ನ್ ಮರಾಠಾ ರೇಲ್ವೆಯ ಹಾದಿಯು ಪುಣೆಯನ್ನು ಮಿರಜ, ಬೆಳಗಾವಿ, ಲೋಂಡಾಗಳಿಗೆ ಜೋಡಿಸಿದ ಮೇಲೆ ಬರುವದು ಹೋಗುವದು ಸುಲಭವಾಯಿತು. ಓದಲು ಬಂದವರ ಹಿಂದೆ ಕಾರಕೂನಿಕೆಗೆ ಬಂದವರು, ಅವರ ಹಿಂದೆ ಹೋಟೆಲಿಗೆ ಬಂದ ಉಡುಪಿಯ ಕಡೆಯವರು, ಕಾರಖಾನೆಗೆ ಬಂದವರು, ಫೌಜಿಗೆ ಸೇರಿದವರು, ಹೀಗೆ ಒಬ್ಬರ ಬೆನ್ನಿಗೆ ಒಬ್ಬರು ಬಂದು ನೆಲೆಸಿದರು.

ಪುಣೆಯ ಕ್ಯಾಂಪಿನ ಕಥೆ 1817ಕ್ಕೆ ಹೋಗುತ್ತದೆ. ಆ ವರ್ಷದ ನವೆಂಬರ 5ರಂದು ಖಡಕಿಯ ಕಾಳಗದಲ್ಲಿ ಪೇಶವೆಯರ ಸೈನ್ಯ ಸೋತಿತು. ಅದರ ಬೆನ್ನಿಗೇ ಇಂಗ್ಲಿಷರು ಊರಿನ ಪೇಟೆಗಳ ಪೂರ್ವಕ್ಕೆ ತಮ್ಮ ದಂಡಿನ ಠಾಣೆ ಹೂಡಿದರು. ಹಳಬರ ಬಾಯಲ್ಲಿ ಅದು ಇಂದಿಗೂ ‘ಲಷ್ಕರ’. ಅಲ್ಲಿ ಎರಡು ಬಗೆಯ ಮನೆಗಳು ಎದ್ದವು. ಒಂದು, ಸಾಹೇಬರ ಬಂಗಲೆ: ಸುತ್ತಲೂ ಅಂಗಳ, ಮುಂದೆ ವರಾಂಡ, ನಡುವೆ ದೊಡ್ಡ ಹಾಲು. ಆ ಬಂಗಲೆಯೊಳಗೆ ಅಡಿಗೆಮನೆಯೇ ಇರಲಿಲ್ಲ. ‘ಬಬರ್ಚಿಖಾನಾ’ ಎಂಬುದು ಹಿಂದುಗಡೆ, ಬೇರೆಯಾಗಿ, ಆಳುಗಳ ಮನೆಗಳ ಸಾಲಿನಲ್ಲಿರುತ್ತಿತ್ತು. ಸೆಕೆ, ಹೊಗೆ, ಬೆಂಕಿಯ ಭಯ ಇವು ಯಜಮಾನರಿಗೆ ತಟ್ಟಬಾರದೆಂದು ಹಾಗೆ. ಎರಡನೆಯ ಬಗೆಯದು ಬಾಜಾರಿನ ಸಾಲುಮನೆ. ದಂಡಿಗೆ ಸಾಮಾನು ಒದಗಿಸುವ ವ್ಯಾಪಾರಿಗಳು, ಶಿಂಪಿಗರು, ಪಾರ್ಸಿಗಳು, ಬೋಹ್ರಿಗಳು, ತಮಿಳರು, ತೆಲುಗರು ಇವರಿಗಾಗಿ ಒಂದಕ್ಕೊಂದು ಆತುಕೊಂಡ ಅಗಲ ಕಿರಿದಾದ ಮನೆಗಳು. ಮೋದಿಖಾನಾ, ಕೋಳಸಾ ಗಲ್ಲಿ, ಶಿಂಪಿ ಆಳಿ ಎಂಬ ಹೆಸರುಗಳನ್ನು ಕೇಳಿದರೇ ಅಲ್ಲಿ ಯಾವ ವ್ಯಾಪಾರ ನಡೆಯುತ್ತಿತ್ತೆಂದು ತಿಳಿಯುತ್ತದೆ. ಕೋಳಸಾ ಎಂದರೆ ಇದ್ದಿಲು. ಒಂದು ಗಲ್ಲಿಗೆ ಹೆಸರು ಕೊಡುವಷ್ಟು ದೊಡ್ಡದಾಗಿತ್ತು ಒಲೆಯ ಹಸಿವು!

ಸಾಲುಮನೆಗೆ ತನ್ನದೇ ಆದ ಒಂದು ನಿಯಮವಿದೆ. ಎಡಬಲದ ಗೋಡೆಗಳು ನೆರೆಯವರೊಡನೆ ಹಂಚಿಕೊಂಡವು. ಅವುಗಳಲ್ಲಿ ಕಿಟಕಿ ಇಡುವಂತಿಲ್ಲ. ಗಾಳಿ ಬೆಳಕು ಬರುವದಾದರೆ ಮುಂದಿನಿಂದ, ಇಲ್ಲವೆ ಹಿಂದಿನಿಂದ. ಆದ್ದರಿಂದ ಮುಂದಿನ ಕಿಟಕಿ ಯಾರಿಗೆ, ಹಿಂದಿನ ಕಿಟಕಿ ಯಾರಿಗೆ ಎಂಬ ಹಂಚಿಕೆಯೇ ಆ ಮನೆಯ ಸಂವಿಧಾನ. ಆಗ್ನೇಯವೋ ವಾಯವ್ಯವೋ ಎಂದು ಕೇಳುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಬೀದಿ ಯಾವ ಕಡೆಗಿದೆಯೋ ಮನೆ ಆ ಕಡೆಗೆ ಮುಖ ಮಾಡಬೇಕು. ಹಿಂದಣ ತುದಿಗೆ ಒಲೆ ಬಂದುದಕ್ಕೆ ಇನ್ನೊಂದು ಕಾರಣವೂ ಉಂಟು. ನೆಲದೊಳಗಿನ ಗಟಾರ ಬರುವ ಮೊದಲು ಪಾಯಖಾನೆಯು ಮನೆಯ ಹಿಂದೆ, ಸಂದಿಗೆ ಹತ್ತಿ ಇರುತ್ತಿತ್ತು. ಮಲ ಹೊರುವ ಕೆಲಸಕ್ಕೆ ಸಮಾಜ ನೂಕಿದ್ದ ಜನರು ಆ ಸಂದಿನಿಂದಲೇ ಬಂದು ಹೋಗಬೇಕಾಗಿತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿಯೂ ಮನೆಸಾಲುಗಳ ಬೆನ್ನಿಗೆ ಇಂಥ ಸಂದುಗಳನ್ನು ಬಿಟ್ಟದ್ದನ್ನು ಕಾಣಬಹುದು. ಹೀಗೆ ಮುಂದಿನ ಬಾಗಿಲು ಮಾನಕ್ಕೆ, ಹಿಂದಿನ ಬಾಗಿಲು ದುಡಿತಕ್ಕೆ ಎಂದು ಹಂಚಿಕೆಯಾಯಿತು. ಅಡಿಗೆ ಮಾಡುವ ಹೆಂಗಸೂ ಕಸ ತೆಗೆಯುವ ಮನುಷ್ಯನೂ ಒಂದೇ ಹಿಂದಣ ತುದಿಯ ಪಾಲಿಗೆ ಬಂದರು. ಇಂಥ ಕೆಲಸವನ್ನು ಕಾನೂನು ನಿಷೇಧಿಸಿದ್ದು 1993ರಲ್ಲಿ, ಇನ್ನೂ ಬಿಗಿಯಾಗಿ 2013ರಲ್ಲಿ ಎಂಬುದನ್ನು ನೆನೆದರೆ ಆ ಹಂಚಿಕೆ ಎಷ್ಟು ಕಾಲ ನಡೆಯಿತೆಂದು ತಿಳಿಯುವದು.

ಈ ಕತ್ತಲೆಯ ಕಡೆಗೆ ಸರಕಾರದ ಕಣ್ಣು ಬಿದ್ದದ್ದು ಪ್ಲೇಗಿನ ಕಾಲಕ್ಕೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಪುಣೆಗೆ ಹಬ್ಬಿತು. 1897ರಲ್ಲಿ ರ‍್ಯಾಂಡ್ ಸಾಹೇಬನ ಕಮಿಟಿಯು ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿತು. ಅವರು ದೇವರ ಮನೆಯನ್ನೂ ಅಡಿಗೆಮನೆಯನ್ನೂ ಬಿಡದೆ ಶೋಧಿಸಿದ್ದು ಜನರ ಮನಸ್ಸನ್ನು ಸುಟ್ಟಿತು. ಅದೇ ವರ್ಷ ಜೂನ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಆ ದಬ್ಬಾಳಿಕೆಯನ್ನು ಯಾರೂ ಸಮರ್ಥಿಸಲಾರರು. ಆದರೂ ಕತ್ತಲೆಯ ಖೋಲಿಯಲ್ಲಿ ರೋಗ ಬೆಳೆಯುತ್ತದೆ, ಗಾಳಿ ಬೆಳಕಿಲ್ಲದ ಮನೆ ಮನೆಯಲ್ಲ ಎಂಬ ಮಾತು ಆಗಿನಿಂದ ಜನರ ಕಿವಿಗೆ ಬಿತ್ತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದುದರ ಹಿಂದೆ ಅದರ ಭಯವಿತ್ತು.

ಹೊರಗಿನ ಪ್ರಪಂಚದಲ್ಲಿಯೂ ಇದೇ ಜಗಳ ನಡೆದಿತ್ತು. ಇಂಗ್ಲಂಡಿನ ಕೂಲಿಕಾರರ ಸಾಲುಮನೆಗಳಲ್ಲಿ ಬೀದಿಯ ಕಡೆಯ ಒಳ್ಳೆಯ ಖೋಲಿಯನ್ನು ‘ಪಾರ್ಲರ್’ ಎಂದು ಬೀಗದಲ್ಲಿಟ್ಟಂತೆ ಇಡುತ್ತಿದ್ದರು. ಪಾದ್ರಿ ಬಂದಾಗ, ಮದುವೆಯಾದಾಗ, ಯಾರಾದರೂ ಸತ್ತಾಗ ಅದನ್ನು ತೆರೆಯುವದು. ಉಳಿದ ದಿನ ಇಡೀ ಕುಟುಂಬ ಹಿಂದಣ ಅಡಿಗೆಮನೆಯಲ್ಲಿ ಒತ್ತಿಕೊಂಡಿರುವದು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆಯು ಒಂದು ಅಡಿಗೆಮನೆಯನ್ನು ರಚಿಸಿದಳು. ಸುಮಾರು ಆರೂವರೆ ಅಡಿ ಅಗಲ, ಹನ್ನೊಂದಡಿ ಉದ್ದದ ಆ ಖೋಲಿಯಲ್ಲಿ ಅಡಿಗೆಯವಳ ಒಂದೊಂದು ಹೆಜ್ಜೆಯನ್ನೂ ಎಣಿಸಿ ಒಲೆ, ತೊಟ್ಟಿ, ಕಪಾಟುಗಳನ್ನು ಹೊಂದಿಸಿದ್ದಳು. ಕಿಟಕಿಯ ಕೆಳಗೆ ಕೆಲಸದ ಹಲಗೆ. ಅಂಥವು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು.

ಅಮೇರಿಕದಲ್ಲಿ 1929ರಲ್ಲಿ ನ್ಯೂಜರ್ಸಿಯ ರ‍್ಯಾಡ್‌ಬರ್ನ್ ಎಂಬ ವಸತಿಯಲ್ಲಿ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬಿಬ್ಬರು ಮನೆಯನ್ನೇ ತಿರುಗಿಸಿ ನಿಲ್ಲಿಸಿದರು. ಮೋಟಾರು ಬರುವ ಬೀದಿಯ ಕಡೆಗೆ ಅಡಿಗೆಮನೆ, ಹಿಂದಣ ತೋಟದ ಕಡೆಗೆ ಕೂಡುವ ಖೋಲಿ. ಮಕ್ಕಳು ತೋಟದಲ್ಲಿ ಆಡಬಹುದು, ಹಾಲಿನವನು ಅಡಿಗೆಮನೆಯ ಬಾಗಿಲಿಗೇ ಬರಬಹುದು. ಇದನ್ನು ನೋಡಿ ಇಂಗ್ಲಂಡ, ಆಸ್ಟ್ರೇಲಿಯಗಳಲ್ಲಿಯೂ ಕಟ್ಟಿದರು. ಅಲ್ಲಿ ಕೆಲವು ಕಡೆ ಯಾರೂ ದಿಟ್ಟಿಸದ ಕಾಲುದಾರಿಗಳು ಪುಂಡರ ಪಾಲಾದವು. ಮುಂದೆ ಆ ಮನೆಗಳನ್ನು ಮತ್ತೆ ಬೀದಿಗೆ ಮುಖ ಮಾಡಿಸಬೇಕಾಯಿತು. ಮನೆಯ ಯಾವ ತುದಿಯನ್ನು ಯಾರೂ ನೋಡುವದಿಲ್ಲವೋ ಆ ತುದಿ ಕೆಡುತ್ತದೆ ಎಂಬುದು ಇದರ ಪಾಠ.

ಇನ್ನು ನಮ್ಮ ಮನೆಗೆ ಬರೋಣ. ಇಂಥ ಮನೆ ಲಷ್ಕರದಲ್ಲಿ ನೂರಾರು ಇದ್ದುದರಿಂದ ಇದು ನಮ್ಮದೆಂಬ ಅಭಿಮಾನವೇನೂ ಬೇಡ. ಅನೇಕ ವಾಚಕರಿಗೆ ತಮ್ಮ ಮನೆಯೇ ಕಂಡರೂ ಆಶ್ಚರ್ಯವಿಲ್ಲ.

ಹತ್ತಡಿ ಅಗಲ, ಮೂವತ್ತೆರಡಡಿ ಉದ್ದ, ಮೂರು ಖೋಲಿ, ಪಕ್ಕದಲ್ಲಿ ಮೂರಡಿಯ ಬೋಳ. ಬೋಳದ ಮೇಲೂ ಮಾಳಿಗೆ ಇದ್ದುದರಿಂದ ಅದೂ ಕತ್ತಲೆ. ಬೀದಿಯ ಕಡೆಗೆ ಎರಡು ಕದದ ದೊಡ್ಡ ಕಿಟಕಿ, ಅಲ್ಲಿ ಪಡಸಾಲೆ. ಅದರಲ್ಲಿ ಎರಡು ಕುರ್ಚಿ, ಒಂದು ಮೇಜು, ತಂದೆಯವರ ಕಾಗದಪತ್ರ. ನಡುವಿನ ಖೋಲಿಯಲ್ಲಿ ಹಾಸಿಗೆ, ಟ್ರಂಕು, ದೇವರು. ಹಿಂದೆ ಅಡಿಗೆಮನೆ, ಅದರಾಚೆ ಪುಟ್ಟ ಅಂಗಳ. ಅಂಗಳದಲ್ಲಿ ನಲ್ಲಿ, ಮೋರಿ, ನೀರು ಕಾಯಿಸುವ ತಾಮ್ರದ ಬಂಬು. ತಂದೆಯವರು ಲಷ್ಕರದ ಲೆಕ್ಕದ ಕಚೇರಿಯಲ್ಲಿ ಕಾರಕೂನರು. ಬೆಳಿಗ್ಗೆ ಒಂಬತ್ತೂವರೆಗೆ ಹೊರಟರೆ ಸಂಜೆ ಆರಕ್ಕೆ ಮನೆ. ನಾವು ಮಕ್ಕಳು ಶಾಲೆಗೆ. ಹಗಲೆಲ್ಲ ಮನೆಯಲ್ಲಿರುವವರು ಅಜ್ಜಿ, ಅವ್ವ ಇಬ್ಬರೇ. ಮನೆಯ ಒಂದೇ ಒಳ್ಳೆಯ ಕಿಟಕಿ ಇದ್ದದ್ದು ಹಗಲು ಯಾರೂ ಕೂಡದ ಖೋಲಿಯಲ್ಲಿ!

1966ರಲ್ಲಿ ಹಿಂದಣ ಜಾಗದವರು ಎರಡು ಅಂತಸ್ತು ಏರಿಸಿದರು. ನಮ್ಮ ಅಂಗಳಕ್ಕೆ ಬೀಳುತ್ತಿದ್ದ ಬೆಳಕು ನಿಂತಿತು. ಮಧ್ಯಾಹ್ನ ಹನ್ನೆರಡಕ್ಕೆ ಅಡಿಗೆಮನೆಯಲ್ಲಿ ದೀಪ ಹಚ್ಚಬೇಕಾಯಿತು. ಇದ್ದಿಲಿನ ಶೇಗಡಿ ಒಂದು, ಕಟ್ಟಿಗೆಯ ಒಲೆ ಒಂದು. ಹೊಗೆಗೆ ಹೋಗಲು ದಾರಿಯಿಲ್ಲದೆ ಅದು ನಡುಮನೆಗೆ ಬರತೊಡಗಿತು. ಅವ್ವನಿಗೆ ಕೆಮ್ಮು ಹಿಡಿಯಿತು. ಅಕ್ಕಿಯೊಳಗಿನ ಹರಳು ಅಜ್ಜಿಯ ಕಣ್ಣಿಗೆ ಕಾಣದಾಯಿತು. ಮೂರು ತಿಂಗಳು ಔಷಧ ಕೊಟ್ಟ ವೈದ್ಯರು ಒಂದು ದಿನ ತಂದೆಯವರನ್ನು ಕರೆದು, “ಔಷಧ ನಾನು ಕೊಟ್ಟೇನು, ಕಿಟಕಿ ನೀವು ಕೊಡಬೇಕು” ಎಂದರು.

ಅಂದು ರಾತ್ರಿ ಊಟದ ಹೊತ್ತಿಗೆ ತಂದೆಯವರು ಮಾತು ತೆಗೆದರು. ಒಲೆಯನ್ನು ಮುಂದಿನ ಖೋಲಿಗೆ ತರೋಣ, ಕುರ್ಚಿ ಮೇಜು ಹಿಂದಕ್ಕೆ ಹೋಗಲಿ ಎಂದು. ಅಜ್ಜಿಯ ಕೈತುತ್ತು ಕೈಯಲ್ಲೇ ನಿಂತಿತು.

“ಬೀದಿಗೆ ಒಲಿ ಹಚ್ಚತೀಯೇನು? ಹೋಗೋ ಬರೋ ಮಂದಿ ನೋಡಿದ ಅನ್ನ ನಾ ಉಣ್ಣಬೇಕ?”

“ಅವ್ವಾ, ಇವಳ ಕೆಮ್ಮು ಕೇಳಿಯಲ್ಲಾ ನೀ?”

“ಕೇಳತೇನಿ. ನಾನೂ ಕೆಮ್ಮೇನಿ, ನನ್ನ ಅತ್ತೀನೂ ಕೆಮ್ಮ್ಯಾಳ.”

ಅವ್ವ ಮಾತ್ರ ಮೆಲ್ಲಗೆ, “ಅದಕ್ಕ ಅತ್ಯಾ, ನನ್ನ ಸೊಸಿ ಕೆಮ್ಮಬಾರದು ಅಂತ” ಎಂದಳು. ಆಮೇಲೆ ಯಾರೂ ಮಾತಾಡಲಿಲ್ಲ.

ಆದರೆ ಅಜ್ಜಿಯ ಒಪ್ಪಿಗೆಯೊಂದೇ ಸಾಕಾಗುವಂತಿರಲಿಲ್ಲ. ಮನೆ ಭಾಡಿಗೆಯದು. ಆಗ ಜಾರಿಯಲ್ಲಿದ್ದ ಮುಂಬಯಿಯ 1947ರ ಭಾಡಿಗೆ ಕಾಯಿದೆಯು ಭಾಡಿಗೆದಾರರನ್ನು ಸುಮ್ಮಸುಮ್ಮನೆ ಹೊರಗೆ ಹಾಕದಂತೆ ಕಾಪಾಡುತ್ತಿತ್ತು. ಅದರಲ್ಲಿಯೇ ಇನ್ನೊಂದು ಮಾತೂ ಇತ್ತು: ಮಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡವನ್ನೇನಾದರೂ ಮಾಡಿದರೆ ಆ ರಕ್ಷಣೆ ತಪ್ಪುತ್ತದೆ. ಒಂದು ಇಟ್ಟಿಗೆಯ ಒಲೆಕಟ್ಟೆ ಶಾಶ್ವತ ಕಟ್ಟಡವೋ ಅಲ್ಲವೋ ಎಂಬ ಪ್ರಶ್ನೆಯು ಎಷ್ಟೋ ಕುಟುಂಬಗಳನ್ನು ಕೋರ್ಟಿನ ಮೆಟ್ಟಲು ಹತ್ತಿಸಿದೆ. ಲೆಕ್ಕದ ಕಚೇರಿಯ ಮನುಷ್ಯರಾದ ತಂದೆಯವರು ಎಚ್ಚರಿಕೆಯವರು. ಒಂದು ಮೊಳೆಯನ್ನೂ ಗೋಡೆಗೆ ಹೊಡೆಯದೆ ಬದಲಾಯಿಸುವದೆಂದು ನಿಶ್ಚಯಿಸಿದರು.

ಹೀಗಾಗಿ 1968ರ ದೀಪಾವಳಿಯ ಮುಂಚಿನ ರವಿವಾರ ನಮ್ಮ ಮನೆಯ ಎರಡು ತುದಿಗಳು ಜಾಗ ಬದಲಿಸಿಕೊಂಡವು. ತಂದೆಯವರ ಮೇಜೇ ಒಲೆಕಟ್ಟೆಯಾಯಿತು. ಅದರ ಮೇಲೆ ತಗಡು ಹಾಸಿ ಪ್ರೈಮಸ್ ಸ್ಟೋವು ಇಟ್ಟರು. ಸ್ವೀಡನ್ ದೇಶದಲ್ಲಿ 1892ರಲ್ಲಿ ಹುಟ್ಟಿದ ಈ ಯಂತ್ರ ಸೀಮೆಎಣ್ಣೆಯನ್ನು ಆವಿ ಮಾಡಿ ಉರಿಸುತ್ತದೆ. ಸದ್ದು ಬಹಳ, ಹೊಗೆ ಕಡಿಮೆ. ಕಟ್ಟಿಗೆಯ ಒಲೆಯನ್ನು ಮುಂದಕ್ಕೆ ತರುವದು ಸಾಧ್ಯವೇ ಇರಲಿಲ್ಲ. ಮಾಳಿಗೆಯವರು ಒಣಹಾಕಿದ ಬಟ್ಟೆಗೆ ಮಸಿ ಹತ್ತಿ ಜಗಳವಾದೀತು. ಆದ್ದರಿಂದ ಇಂಧನ ಬದಲಾಗದೆ ಒಲೆಯ ಜಾಗ ಬದಲಾಗಲಾರದು ಎಂಬುದು ಆಗ ಅನುಭವಕ್ಕೆ ಬಂತು. ಮುಂಬಯಿಯಲ್ಲಿ ಅಡಿಗೆಯ ಗ್ಯಾಸು 1955ರಲ್ಲಿಯೇ ಬಂದಿತ್ತು. ಪ್ರೆಶರ್ ಕುಕ್ಕರು ನಮ್ಮ ದೇಶದಲ್ಲಿ ತಯಾರಾಗಿ 1959ರ ಹೊತ್ತಿಗೆ ಅಂಗಡಿಗೆ ಬಂತು. ನಮ್ಮ ಸರದಿಯ ಗ್ಯಾಸು ಬರಲು 1974 ಆಗಬೇಕಾಯಿತು.

ಕಷ್ಟಗಳು ಇರಲಿಲ್ಲವೆಂದು ಹೇಳಲಾರೆವು. ನಲ್ಲಿ, ಮೋರಿ ಹಿಂದೆಯೇ ಉಳಿದವು. ಕೊಡಗಟ್ಟಲೆ ನೀರು ಮುಂದಕ್ಕೆ, ಮುಸುರೆಯ ಪಾತ್ರೆ ಹಿಂದಕ್ಕೆ. ದಿನಕ್ಕೆ ಎಷ್ಟು ಸಲವೆಂದು ನಾವು ಮಕ್ಕಳು ಲೆಕ್ಕ ಹಾಕುತ್ತಿದ್ದೆವು, ಯಾಕೆಂದರೆ ಆ ಕೆಲಸ ನಮ್ಮ ಪಾಲಿಗೆ ಬಂದಿತ್ತು. ನಿಂತು ಅಡಿಗೆ ಮಾಡಿ ರೂಢಿಯಿಲ್ಲದ ಅವ್ವನಿಗೆ ಮೊದಲ ವಾರ ಕಾಲು ಬಾತವು. ರೊಟ್ಟಿ ಬಡಿಯಲು ಮಾತ್ರ ಅವಳು ಕಿಟಕಿಯ ಕೆಳಗೆ ನೆಲದ ಮೇಲೆಯೇ ಕೂಡುವಳು. ತಂದೆಯವರು ಹಗಲು ರಜೆಯ ದಿನ ಹಿಂದಣ ಖೋಲಿಯಲ್ಲಿ ದೀಪ ಹಚ್ಚಿ ವೃತ್ತಪತ್ರ ಓದಬೇಕಾಯಿತು. ಅವರು ಗೊಣಗಿದ್ದನ್ನು ಕೇಳಿದ್ದೇವೆ. ಆದರೆ ಒಮ್ಮೆ ನೆಂಟರೊಬ್ಬರು “ಯಜಮಾನರಿಗೇ ಕತ್ತಲೆಯೇ?” ಎಂದು ನಕ್ಕಾಗ ಅವರು, “ಹಗಲು ಮನೆಯಲ್ಲಿಲ್ಲದವನಿಗೆ ಹಗಲಿನ ಬೆಳಕೇಕೆ?” ಎಂದರು. ಮನೆ ಕಟ್ಟುವ ಶಾಸ್ತ್ರದ ದೊಡ್ಡ ಪುಸ್ತಕಗಳಲ್ಲಿ ಹುಡುಕಿದರೂ ಇದಕ್ಕಿಂತ ನ್ಯಾಯವಾದ ಸೂತ್ರ ಸಿಗಲಿಕ್ಕಿಲ್ಲ.

ಅಜ್ಜಿಗಾಗಿ ಕಿಟಕಿಯ ಕೆಳಗಣ ಅರ್ಧಕ್ಕೆ ಬಿಳಿಯ ಪರದೆ ಕಟ್ಟಿದ್ದೆವು. ಬೆಳಕು ಮೇಲಿನಿಂದ ಬರಬೇಕು, ದೃಷ್ಟಿ ಬರಬಾರದು ಎಂಬ ಒಪ್ಪಂದ. ಹದಿನೈದು ದಿನ ಅವಳು ಆ ಖೋಲಿಗೆ ಬರಲಿಲ್ಲ. ಹದಿನಾರನೆಯ ದಿನ ಅಕ್ಕಿಯ ಮೊರ ಹಿಡಿದು ಬಂದು ಕಿಟಕಿಯ ಬಳಿ ಕೂತಳು. ಹರಳು ಕಾಣತೊಡಗಿದ ಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವದು ಯಾರಿಗೂ ಸಾಧ್ಯವಾಗಲಿಲ್ಲ. ಪರದೆ ದಿನಕ್ಕೊಂದು ಅಂಗುಲ ಸರಿಯುತ್ತ ಬಂತು. ಸರಿಸಿದವರು ಯಾರೆಂದು ನಾವು ಕೇಳಲಿಲ್ಲ.

ರೊಟ್ಟಿ ಬಡಿಯುವ ಸಪ್ಪಳಕ್ಕೂ ಭಾಕರಿ ಬಡಿಯುವ ಸಪ್ಪಳಕ್ಕೂ ಭೇದವಿಲ್ಲ. ಆದ್ದರಿಂದ ಬೀದಿಯವರಿಗೆ ನಾವು ಯಾರೆಂದು ಸಪ್ಪಳದಿಂದ ತಿಳಿಯುವಂತಿರಲಿಲ್ಲ. ಅಜ್ಜಿಯ ಬೈಗುಳ ಮಾತ್ರ ಅಚ್ಚ ಧಾರವಾಡದ್ದು. ಒಂದು ಮಧ್ಯಾಹ್ನ ಅವಳು, “ಏ ಕೂಸ, ಹಾಲು ಉಕ್ಕತದ, ಉರಿ ಸಣ್ಣ ಮಾಡ!” ಎಂದು ಕೂಗಿದ್ದೇ ತಡ, ಕಿಟಕಿಯ ಹೊರಗೆ ಬೂಟಿನ ಸಪ್ಪಳ ನಿಂತಿತು. ಖಾಕಿ ತೊಟ್ಟ ಒಬ್ಬ ಸಿಪಾಯಿ ಸರಳು ಹಿಡಿದುಕೊಂಡು ಕೇಳಿದ:

“ಅಜ್ಜೀ, ನೀವು ಯಾವ ಊರವರ್ರಿ?”

“ನವಲಗುಂದದ ಕಡೆಯವರಪ್ಪಾ. ನೀ?”

“ಗೋಕಾಕ ತಾಲೂಕರೀ. ನಾಕು ತಿಂಗಳಾತು, ನಮ್ಮ ಮಾತು ಕೇಳಿರಲಿಲ್ಲ.”

ಅಜ್ಜಿ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ತಂಬಿಗೆಯಲ್ಲಿ ಮಜ್ಜಿಗೆ ತರಿಸಿ, ಉಪ್ಪು ಹಾಕಿ, ಸರಳುಗಳ ನಡುವಿನಿಂದ ಲೋಟ ಕೊಟ್ಟಳು. ಊರಿನಲ್ಲಿ ಅಪರಿಚಿತರಿಗೆ ನೀರು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯೊಂದನ್ನು ಅವಳು ಜೀವಮಾನವಿಡೀ ಕೇಳಿದ್ದಳು. ಅಂದು ಕೇಳಲಿಲ್ಲ. ಲೋಟವನ್ನು ಬೇರೆ ಇಡಲೂ ಇಲ್ಲ. ನಾವು ಸಣ್ಣವರು, ಇದೆಲ್ಲ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವ್ವ ಹೇಳಿದಾಗ. ಒಲೆ ಹಿಂದೆಯೇ ಇದ್ದಿದ್ದರೆ ಆ ಮನುಷ್ಯ ಪಡಸಾಲೆಯ ಮುಂದೆ ಹಾಗೆಯೇ ನಡೆದುಹೋಗುತ್ತಿದ್ದ. ನಾವು ಅವನೊಡನೆ ಮಾತಾಡಿದ್ದರೂ ಹಿಂದಿಯಲ್ಲಿ ಮಾತಾಡುತ್ತಿದ್ದೆವು.

ಅವನಿಂದ ಅವನ ಗೆಳೆಯರು, ಅವರಿಂದ ಎರಡು ಗಲ್ಲಿಯಾಚೆಯ ಒಂದು ಕನ್ನಡ ಕುಟುಂಬ, ಹೀಗೆ ಆ ಕಿಟಕಿಯಿಂದ ನಮಗೆ ಪರಿಚಯವಾದವರು ಬಹಳ. ಉಪ್ಪಿನಕಾಯಿಯ ಭರಣಿ ಬಂತು, ಗುರೆಳ್ಳು ಹಿಂಡಿ ಹೋಯಿತು, ಊರಿನ ಸುದ್ದಿ ಬಂತು. ಮರಾಠಿ ನೆರೆಯವರೂ ನಿಂತು ಮಾತಾಡುತ್ತಿದ್ದರು. ನಾವು ತುಪ್ಪವೆಂದರೆ ಅವರು ‘ತೂಪ’ವೆಂದರು, ನಾವು ಅಡಕೊತ್ತು ಎಂದರೆ ಅವರು ‘ಅಡಕಿತ್ತಾ’ ಎಂದರು. ಈ ಶಬ್ದಗಳು ಕನ್ನಡದಿಂದ ಮರಾಠಿಗೆ ಹೋದವೆಂದು ಭಾಷಾಪಂಡಿತರು ಹೇಳುತ್ತಾರೆ. ಹೋದದ್ದು ಯಾವುದೋ ದರಬಾರಿನ ಮೂಲಕವೋ ಇಂಥದೇ ಅಡಿಗೆಮನೆಗಳ ಮೂಲಕವೋ ಎಂಬುದನ್ನು ವಾಚಕರ ಊಹೆಗೆ ಬಿಡುತ್ತೇವೆ. 1973ರ ನವೆಂಬರ 1ರಂದು ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಾಗ ಆ ಕಿಟಕಿಯಿಂದ ಬೀದಿಯ ಮಕ್ಕಳಿಗೆಲ್ಲ ಕಡಬು ಹಂಚಿದ್ದು ನೆನಪಿದೆ.

ಕಟ್ಟೆ ಕಟ್ಟಿದ್ದು ಬಹಳ ತಡವಾಗಿ. ಗ್ಯಾಸು ಬಂದ ಮೇಲೆ ಮಾಲಕರಾದ ಪಾರ್ಸಿ ವೃದ್ಧರು ಸ್ವತಃ ಬಂದು ನೋಡಿ, ಕಾಗದದ ಮೇಲೆ ಒಪ್ಪಿಗೆ ಬರೆದುಕೊಟ್ಟರು. ನೀರಿನ ಕೊಳವೆ ಬೋಳದ ಗೋಡೆಗುಂಟ ಮುಂದಕ್ಕೆ ಬಂತು. ಕಷ್ಟವಾದದ್ದು ಹೊಲಸು ನೀರು ಹೋಗುವ ಕೊಳವೆ. ನೀರು ತಾನಾಗಿ ಹರಿಯಬೇಕಾದರೆ ಒಂದು ಅಡಿಗೆ ಕಾಲು ಅಂಗುಲವಾದರೂ ಇಳಿಜಾರು ಬೇಕು. ಮೂವತ್ತೆರಡು ಅಡಿಗೆ ಎಂಟು ಅಂಗುಲ! ಹಿಂದಣ ಮೋರಿಗಿಂತ ಎಂಟು ಅಂಗುಲ ಎತ್ತರದಲ್ಲಿ ಕೊಳವೆ ಆರಂಭವಾಗಬೇಕು. ಪುಣ್ಯಕ್ಕೆ ಬೀದಿಯ ಕಡೆಯ ನೆಲ ಎತ್ತರವಾಗಿತ್ತು. ಹಾಗಿಲ್ಲದ ಮನೆಗಳಲ್ಲಿ ಒಲೆಯನ್ನು ಸರಿಸಿದವರು ಮುಸುರೆ ನೀರನ್ನು ಹೊರುತ್ತಲೇ ಇದ್ದರು. 1999ರ ಮಹಾರಾಷ್ಟ್ರ ಭಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ 31ರಿಂದ ಜಾರಿಗೆ ಬಂದಾಗ ಅದರಲ್ಲಿ ಒಂದು ವಿವರಣೆಯನ್ನು ಸೇರಿಸಿದ್ದರು: ನಿಂತು ಅಡಿಗೆ ಮಾಡುವ ಕಟ್ಟೆ, ಗಾಳಿಗಾಗಿ ತೆರೆದ ಕಿಟಕಿ, ಹೊಗೆಕೊಳವೆ ಮುಂತಾದವು, ಅವಶ್ಯವಿದ್ದಲ್ಲಿ ಪುರಸಭೆಯ ಪರವಾನಗಿಯಿಂದ ಮಾಡಿದ್ದರೆ, ‘ಶಾಶ್ವತ ಕಟ್ಟಡ’ವೆನಿಸುವದಿಲ್ಲ. ಆ ವಾಕ್ಯವನ್ನು ಓದಿದಾಗ, ನೆಲದಿಂದ ಎದ್ದು ನಿಲ್ಲಲು ಹೆಂಗಸರಿಗೆ ಕಾಯಿದೆಯ ಅಪ್ಪಣೆ ಸಿಕ್ಕಿತೆಂದು ನಮಗನಿಸಿತು. ಅದನ್ನು ಕೇಳಲು ಅವ್ವ ಇರಲಿಲ್ಲ.

ಈಗ ಮನೆ ಬದಲಿಸುವ ವಿಚಾರದಲ್ಲಿರುವ ತರುಣ ಕುಟುಂಬಗಳಿಗೆ ಎರಡು ಮಾತು ಹೇಳಿದರೆ ತಪ್ಪಾಗಲಾರದು. ಮೊದಲು ನೀರಿನ ಇಳಿಜಾರನ್ನು ಅಳೆಯಿರಿ, ಆಮೇಲೆ ಬಣ್ಣದ ಮಾತು. ಸಾಲುಮನೆಯ ನಡುಗೋಡೆ ತೊಲೆಯನ್ನು ಹೊತ್ತಿರುತ್ತದೆ. ಬಲ್ಲವರನ್ನು ಕೇಳದೆ ಅದನ್ನು ಒಡೆಯಬೇಡಿರಿ. ಗ್ಯಾಸು ಗಾಳಿಗಿಂತ ಭಾರ; ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ನೆಟ್ಟಗೆ ಇಡಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ನೆಲದ ಮಟ್ಟಕ್ಕೂ ಗಾಳಿಯ ದಾರಿ ಇರಬೇಕು. ಭಾಡಿಗೆಯ ಮನೆಯಾದರೆ ಮಾಲಕರ ಒಪ್ಪಿಗೆ ಕಾಗದದ ಮೇಲಿರಲಿ. ಕ್ಯಾಂಪಿನ ಹದ್ದಿನಲ್ಲಾದರೆ ಕಂಟೋನ್ಮೆಂಟಿನ ನಿಯಮಗಳನ್ನೂ ಕೇಳಿಕೊಳ್ಳಿರಿ.

ಇಂದಿನ ಫ್ಲ್ಯಾಟುಗಳಲ್ಲಿ ಒಲೆಗೂ ಪಡಸಾಲೆಗೂ ನಡುವೆ ಗೋಡೆಯೇ ಇಲ್ಲದ್ದನ್ನು ಕಂಡು ಹೊಸದೆಂದು ಬೆರಗಾಗುವವರಿದ್ದಾರೆ. ಆದರೆ ಹೊಗೆಯ ಕಥೆ ಮುಗಿದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹೊಗೆ ಕಡಿಮೆಯಾಗುವ ‘ಅಸ್ತ್ರ ಒಲೆ’ಯನ್ನು ನಮ್ಮ ಹಳ್ಳಿಗಳಿಗಾಗಿ ರೂಪಿಸಿದರು, ಇಲ್ಲಿ ಪುಣೆಯಲ್ಲಿ ಆನಂದ ಕರ್ವೆಯವರ ಸಂಸ್ಥೆಯು ಅದೇ ದಾರಿಯಲ್ಲಿ ದುಡಿದಿದೆ. ಊರಿಗೆ ಹೋದಾಗ ನಮ್ಮ ಹಳೆಯ ಮನೆಯ ಬೆಳಕಿಂಡಿ ತೆರೆದಿದೆಯೇ ಎಂದು ಒಮ್ಮೆ ಕತ್ತೆತ್ತಿ ನೋಡುವದು ನಮ್ಮೆಲ್ಲರ ಕರ್ತವ್ಯ.

ಆ ಸಾಲುಮನೆ ಈಗ ಇಲ್ಲ. ಅದರ ಜಾಗದಲ್ಲಿ ಅಂಗಡಿಗಳು ಬಂದಿವೆ. ಅಜ್ಜಿ ಕೂಡುತ್ತಿದ್ದ ಕಿಟಕಿಯ ಎರಡು ಸರಳುಗಳನ್ನು ನಾವು ತಂದಿಟ್ಟುಕೊಂಡಿದ್ದೇವೆ. ಅವುಗಳ ನಡುವೆ ಒಂದು ಲೋಟ ದಾಟುವಷ್ಟು ಜಾಗವಿತ್ತು. ಪರನಾಡಿನಲ್ಲಿ ಕನ್ನಡವನ್ನು ಉಳಿಸುವದು ಹೇಗೆಂದು ಪ್ರತಿ ರಾಜ್ಯೋತ್ಸವದಲ್ಲಿ ಭಾಷಣಗಳಾಗುತ್ತವೆ, ಆಗಲಿ. ಒಲೆಯ ಮುಂದಿನ ಮಾತು ಬೀದಿಗೆ ಕೇಳಿಸುವಂತೆ ಮನೆಯ ಒಂದು ಕಿಟಕಿಯನ್ನೂ ತೆರೆದಿಟ್ಟರೆ ಆ ಭಾಷಣಗಳ ಅರ್ಧ ಕೆಲಸ ಆದಂತೆಯೇ ಸರಿ.